ಮುಹೂರ್ತಕ್ಕೆ ಮುಟ್ಟಿಸಿದ ಮೆಕ್ಯಾನಿಕ್

ಮೊನ್ನೆ ನಾಗಮಂಗಲದ ಕಡೆಗೆ ಹೋಗುತ್ತಿದ್ದಾಗ ಕಾರಿನೊಳಕ್ಕೆ ಸುಟ್ಟ ವಾಸನೆ ನುಗ್ಗಿತು. ಹಿಂದಿನ ಸೀಟಿನಲ್ಲಿ ಮದುವೆ ಹೆಣ್ಣಿನ ಚಿಕ್ಕಮ್ಮ ಕೂತಿದ್ದರು. ನಾನು ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಗಾಡಿ ಪಕ್ಕಕ್ಕೆ ಹಾಕಿ, ರೇಷ್ಮೆ ಸೀರೆಯ ನೆರಿಗೆಯನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ರಸ್ತೆಯಲ್ಲೇ ಕುಕ್ಕರುಗಾಲಲ್ಲಿ ಕೂತು ಕಾರಿನ ಅಡಿ ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಪಕ್ಕದ ಹೊಲದಲ್ಲಿ ಯಾರೋ ಬದುವಿನ ಕಸಕ್ಕೆ ಬೆಂಕಿ ಇಟ್ಟಿದ್ದರು, ಅಷ್ಟೆ. "ಮೇಕಪ್ಪಿನೋಳು ಅಂದ್ರೆ ಮೆಕ್ಯಾನಿಕ್ ತರ ಗಾಡಿ ಕೆಳಕ್ಕೆ ನುಗ್ತೀಯಲ್ಲಮ್ಮ" ಎಂದು ಚಿಕ್ಕಮ್ಮ ನಕ್ಕರು. ನಾನೂ ನಕ್ಕೆ. ಆ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅದರ ಬೆನ್ನಿಗೇ ಖುಷಿಯೂ ಉಕ್ಕಿ ಬರುತ್ತದೆ. ನನ್ನ ಮೊದಲನೆಯ ಮದುವೆ ಸೀಸನ್ನು ಕಳೆದದ್ದು ಆ ವಾಸನೆಯಲ್ಲೇ.

ಸೀಸನ್ನು ಎಂದರೆ ನನ್ನ ಮದುವೆಯದಲ್ಲ, ಊರವರ ಮದುವೆಯದು. ಬಿಂಡಿಗನವಿಲೆಯಿಂದ ಸ್ವಲ್ಪ ಒಳಕ್ಕಿರುವ ನಮ್ಮೂರಿಗೆ ಸೊಸೆಯಾಗಿ ಬರುವ ಮೊದಲು ಮೈಸೂರಿನಲ್ಲಿ ಬ್ಯೂಟಿಷಿಯನ್ ಕೋರ್ಸು ಮುಗಿಸಿದ್ದೆ. ಬಂದ ಮೇಲೆ ಪಡಸಾಲೆಯಲ್ಲಿ ಒಂದು ಕನ್ನಡಿ ನಿಲ್ಲಿಸಿಕೊಂಡು ಹುಡುಗಿಯರ ಹುಬ್ಬು ತೀಡುತ್ತಿದ್ದೆ. ಆದರೆ ನನ್ನ ಕಣ್ಣಿದ್ದದ್ದು ಮದುವಣಗಿತ್ತಿಯರ ಮೇಲೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಇಷ್ಟು ಊರಿನ ಛತ್ರಗಳಲ್ಲಿ ಹೆಣ್ಣಿಗೆ ಅಲಂಕಾರ ಎಂದರೆ ಸವಿತಾನೇ ಬರಬೇಕು ಎನ್ನಿಸಿಕೊಳ್ಳುವ ಆಸೆ. ಮೇಕಪ್ ಪೆಟ್ಟಿಗೆ, ದೀಪದ ಸ್ಟ್ಯಾಂಡು, ಸವರಿ, ಮೊಗ್ಗಿನ ಜಡೆ ಎಲ್ಲ ಹೊತ್ತುಕೊಂಡು ಬಸ್ಸು ಕಾಯುತ್ತಾ ನಿಂತರೆ ಅದು ಆಗುವ ಮಾತಲ್ಲ. ನನ್ನ ಪುಣ್ಯಕ್ಕೆ ಅಣ್ಣ ಹೊಸ ಕಾರು ತೆಗೆದುಕೊಂಡ. ಹಳೆಯ ಬಿಳಿ ಕಾರನ್ನು ನನಗೆ ಬಿಟ್ಟುಕೊಟ್ಟ.

ಅದು ಮನೆ ಮುಂದೆ ಬಂದು ನಿಂತ ದಿನ ನಮ್ಮ ಅತ್ತೆ ಅದರ ಸುತ್ತ ಒಂದು ಸುತ್ತು ಬಂದು, ಸಂತೆಯಲ್ಲಿ ಹಸು ನೋಡುವವರ ಹಾಗೆ ಬಾನೆಟ್ಟಿನ ಮೇಲೆ ತಟ್ಟಿದರು.

"ಇದು ತಿನ್ನೋದ್ ಏಟು, ಕರಿಯೋದ್ ಏಟು?" ಎಂದರು.

ನನ್ನ ಗಂಡ ಮಂಜುನಾಥ್ ಊರಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸದಲ್ಲಿದ್ದಾರೆ. ಊರವರ ಹಾಲೆಲ್ಲ ಅಳೆಯುವ ನಮ್ಮ ಮನೆಯಲ್ಲೇ ಹಸು ಇಲ್ಲ ಎಂಬುದು ಅತ್ತೆಗೆ ಬಹಳ ದಿನದ ಕೊರಗು. ಅವತ್ತೇ ತೀರ್ಮಾನ ಕೊಟ್ಟುಬಿಟ್ಟರು. "ಶಿವರಾತ್ರಿ ಗಂಟ ನೋಡ್ತೀನಿ ಕಣಮ್ಮಿ. ಅಷ್ಟೊತ್ಗೆ ನಿನ್ ಕಸ್ಬು ಕೈ ಹಿಡಿದ್ರೆ ಸರಿ. ಇಲ್ದಿದ್ರೆ ಈ ಡಬ್ಬ ಮಾರ್ಬುಟ್ಟು ಒಂದ್ ಜೊತೆ ಸೀಮೆ ಅಸ ಕಟ್ಟಾನ."

ಗಂಡ ನನ್ನ ಮುಖ ನೋಡಿದರು, ಅಮ್ಮನ ಮುಖ ನೋಡಿದರು, ಡೈರಿಗೆ ಹೊತ್ತಾಯಿತು ಎಂದು ಹೊರಟುಹೋದರು.

ಧನುರ್ಮಾಸ ಕಳೆದು ಸಂಕ್ರಾಂತಿ ಮುಗಿದದ್ದೇ ತಡ, ಛತ್ರಗಳ ಬಾಗಿಲು ತೆರೆದವು. ನನಗೆ ಮೊದಲ ಹೆಣ್ಣು ಸಿಕ್ಕಿದ್ದು ನಾಗಮಂಗಲದಲ್ಲಿ. ಆ ಹುಡುಗಿ ಅಲಂಕಾರ ಮುಗಿದ ಮೇಲೆ ಕನ್ನಡಿ ನೋಡಿಕೊಂಡು ನನ್ನ ಕೈ ಹಿಡಿದುಕೊಂಡಳು. ವಾಪಸು ಬರುವಾಗ ಕಾರಿನಲ್ಲಿ ಒಬ್ಬಳೇ ಜೋರಾಗಿ ಹಾಡು ಹೇಳಿಕೊಂಡು ಬಂದೆ. ಹಾಡು ಅರ್ಧ ಮರೆತಿತ್ತು, ಉಳಿದದ್ದನ್ನು ನಾನೇ ಕಟ್ಟಿಕೊಂಡೆ. ಅವರೆಕಾಯಿ ಸೊಗಡಿನ ಗಾಳಿ, ಎರಡೂ ಕಡೆ ಕೊಯ್ದ ಹೊಲ, ಕೈಯಲ್ಲಿ ಸ್ಟೀರಿಂಗು. ಲೋಕದಲ್ಲಿ ನನ್ನಂಥ ಸುಖಿ ಇಲ್ಲ ಅನ್ನಿಸಿತ್ತು.

ಅದು ಹುರುಳಿ ಒಕ್ಕುವ ಕಾಲವೂ ಹೌದು. ನಮ್ಮದು ಮಳೆ ನಂಬಿದ ಸೀಮೆ. ಕಿತ್ತು ಒಣಗಿಸಿದ ಹುರುಳಿ ಗಿಡವನ್ನು ಒಕ್ಕಲು ಕಣ ಮಾಡುವ ತಾಪತ್ರಯ ಈಗ ಯಾರಿಗೂ ಬೇಡ, ಟಾರು ರಸ್ತೆಯೇ ಕಣ. ಬೆಳಗಿನ ಇಬ್ಬನಿ ಆರಿ ಬಿಸಿಲು ಏರುತ್ತಿದ್ದಂತೆ ಮನೆ ಮನೆಯ ಮುಂದೆ ರಸ್ತೆ ತುಂಬ ಗಿಡ ಹರಡುತ್ತಾರೆ. ಬಸ್ಸು, ಟ್ರಾಕ್ಟರು, ಹಾಲಿನ ವ್ಯಾನು ಅದರ ಮೇಲೆ ಓಡಾಡಿ ಕಾಯಿ ಒಡೆದು ಕಾಳು ಉದುರಿಸುತ್ತವೆ. ಸಂಜೆ ಸೊಪ್ಪು ಎತ್ತಿ, ಕಾಳು ಗುಡಿಸಿಕೊಂಡರೆ ಆಯಿತು. ಹುರುಳಿಗೆ ನಮ್ಮ ಅತ್ತೆ ಉಳ್ಳಿ ಎನ್ನುತ್ತಾರೆ. ಬಸ್ಸಿನ ಮೇಲೆ ಅವರಿಗೆ ನಂಬಿಕೆ ಕಡಿಮೆ, ಅದು ದಡಬಡ ಹೋಗಿಬಿಡುತ್ತದೆ ಎಂದು. ಮನೆಯಲ್ಲೇ ಒಂದು ಗಾಡಿ ಇರುವಾಗ ಬಸ್ಸಿನ ಹಂಗು ಯಾಕೆ? ನಾನು ಮಧ್ಯಾಹ್ನ ರಿಸೆಪ್ಷನ್ನಿಗೆ ಹೊರಟೆ ಎಂದರೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ಲೇ ಅಮ್ಮಿ, ಓಗಕ್ ಮುಂಚೆ ನಮ್ ಉಳ್ಳಿ ಮ್ಯಾಲೆ ಎಲ್ಡು ಸುತ್ತು ಓಡ್ಸ್ಬುಟ್ಟು ಓಗು."

ನಾನು ರಿವರ್ಸ್ ಗೇರು ಸರಿಯಾಗಿ ಕಲಿತದ್ದೇ ಹುರುಳಿಯ ಮೇಲೆ. ಮುಂದಕ್ಕೊಂದು ಸಲ, ಹಿಂದಕ್ಕೊಂದು ಸಲ, ಮತ್ತೆ ಮುಂದಕ್ಕೆ. "ಇನ್ನೊಸಿ ಎಡಕ್ಕೆ, ಅಲ್ಲಿ ತುಳಿದೇ ಇಲ್ಲ" ಎಂದು ಅತ್ತೆ ಕೈ ಆಡಿಸುತ್ತಿದ್ದರು. ಡಬ್ಬದಿಂದ ಮನೆಗೆ ಇಷ್ಟಾದರೂ ಉಪಕಾರವಾಗುತ್ತದಲ್ಲ ಎಂದು ನನಗೂ ಸಮಾಧಾನ. ಆ ಹೊತ್ತಿನಲ್ಲಿ ಮಾತ್ರ ಅತ್ತೆ ಕಾರನ್ನು ಪ್ರೀತಿಯಿಂದ ನೋಡುತ್ತಿದ್ದರು.

ಸುಟ್ಟ ವಾಸನೆ ಶುರುವಾದದ್ದು ಆಗಲೇ. ಒಂದು ಮಧ್ಯಾಹ್ನ ನಾಗಮಂಗಲಕ್ಕೆ ಹೋಗುವಾಗ ಮೊದಲು ಸಣ್ಣಗೆ, ಆಮೇಲೆ ಗಂಟಲು ಕೆರೆಯುವಷ್ಟು ಬಂತು. ಭಯವಾಗಿ ಗಾಡಿ ನಿಲ್ಲಿಸಿದೆ. ಬಾನೆಟ್ಟು ಎತ್ತಿ ನೋಡಿದರೆ ಎಲ್ಲ ಇದ್ದ ಜಾಗದಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ವಾಸನೆ ತಾನಾಗಿಯೇ ಹೋಯಿತು. ಮಾರನೆಯ ದಿನ ಬೆಳಗ್ಗೆ ಮುಹೂರ್ತಕ್ಕೆ ಅದೇ ರಸ್ತೆಯಲ್ಲಿ ಹೋದರೆ ಏನೂ ಇಲ್ಲ, ಗಾಡಿ ಮಗುವಿನ ಹಾಗೆ ಓಡಿತು. ಗಂಡನಿಗೆ ಹೇಳಿದರೆ, "ಎಲ್ಲೋ ಆಲೆಮನೆ ಹೊಗೆ ಬಂದಿರ್ಬೇಕು ಕಣೆ" ಎಂದರು. ನಾಗಮಂಗಲದ ದಾರಿಯಲ್ಲಿ ಎಲ್ಲಿದೆ ಆಲೆಮನೆ ಎಂದು ಕೇಳಿದ್ದಕ್ಕೆ ಮತ್ತೆ ಡೈರಿಗೆ ಹೊತ್ತಾಯಿತು ಎಂದರು.

ಮೆಕ್ಯಾನಿಕ್ಕನ್ನು ಹುಡುಕುವುದು ಎಂದರೆ ನಮ್ಮಲ್ಲಿ ಮೊದಲು ನಮ್ಮೋರು ಯಾರಿದ್ದಾರೆ ಎಂದು ನೋಡುವುದು. ನಾಗಮಂಗಲದಲ್ಲಿ ನನ್ನ ಗಂಡನ ಜೊತೆ ಓದಿದವರೊಬ್ಬರ ಗ್ಯಾರೇಜಿತ್ತು. "ನಮ್ಮೋನೇ, ಮೋಸ ಮಾಡಲ್ಲ" ಎಂದರು ಗಂಡ. ಆಸ್ಪತ್ರೆಗೆ ಹೋಗುವಾಗ ತಲೆ ಬಾಚಿಕೊಂಡು ಹೋಗುವ ಜಾತಿ ನಾನು, ಮೆಕ್ಯಾನಿಕ್ಕಿನ ಹತ್ತಿರ ಕೊಳಕು ಗಾಡಿ ಒಯ್ಯುವುದುಂಟೆ? ಮೊದಲು ನೀರು ಹೊಡೆಯುವ ಕಡೆ ನಿಲ್ಲಿಸಿ, ಮೇಲೆ ಕೆಳಗೆ ಎಲ್ಲ ಫಳಫಳ ಮಾಡಿಸಿ ಒಯ್ದೆ. ಅವರು ಮೂಸಿ ನೋಡಿ, "ಕ್ಲಚ್ ಸುಟ್ಟೋಗದೆ ಅತ್ತಿಗೆ" ಎಂದು ಹೊಸ ಕ್ಲಚ್ ಪ್ಲೇಟು ಹಾಕಿದರು. ಮುಂದಿನ ರಿಸೆಪ್ಷನ್ನಿಗೆ ಹೊರಟೆ. ವಾಸನೆ ಬಂತು.

ಆಮೇಲೆ ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಒಂದು ದೊಡ್ಡ ವರ್ಕ್‌ಶಾಪು. ಗಾಜಿನ ಬಾಗಿಲು, ಕೂರಲು ಸೋಫಾ, ಕುಡಿಯಲು ಕಾಫಿ. ಅಲ್ಲಿಗೂ ತೊಳೆಸಿಕೊಂಡೇ ಹೋದೆ. ಕಂಪ್ಯೂಟರಿಗೆ ವೈರು ಸಿಕ್ಕಿಸಿ ನೋಡಿದರು. ಮಧ್ಯಾಹ್ನ ಮಾತ್ರ ಬರುತ್ತದೆ ಎಂದೆನಲ್ಲ, ಬಿಸಿಲಿಗೆ ಇಂಜಿನ್ ಕಾಯುತ್ತಿದೆ ಎಂದು ತೀರ್ಮಾನವಾಗಿ ರೇಡಿಯೇಟರು ಬದಲಾಯಿತು. ಕೇಳಲು ಸರಿಯಾಗೇ ಇತ್ತು. ನಾನೂ ಹೂಗುಟ್ಟಿದೆ. ಮತ್ತೆ ವಾಸನೆ ಬಂತು, ಈ ಸಲ ಇನ್ನೂ ಜೋರಾಗಿ.

ಅದು ಬಂದದ್ದು ಬರಬಾರದ ದಿನವೇ. ಶ್ರೀರಂಗಪಟ್ಟಣದಲ್ಲಿ ಒಂದು ರಿಸೆಪ್ಷನ್ ಒಪ್ಪಿಕೊಂಡಿದ್ದೆ. ನಾಗಮಂಗಲ ತಲುಪುವ ಮೊದಲೇ ವಾಸನೆ ಹೆಚ್ಚಾಗಿ ಗಾಡಿ ನಿಲ್ಲಿಸಿ ಕೂತೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಆಮೇಲೆ ಹೆದರಿ ಹೆದರಿ ಓಡಿಸಿದೆ. ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ಸಿಕ್ಕಿಕೊಂಡವು. ಒಂದೊಂದೂ ತನ್ನದೇ ಹಾಡು ಹಾಕಿಕೊಂಡು ಆರಾಮವಾಗಿ ಹೋಗುತ್ತಿದ್ದರೆ ನಾನು ಹಿಂದೆ ಅಳುತ್ತಿದ್ದೆ. ಛತ್ರಕ್ಕೆ ಹೋಗುವಷ್ಟರಲ್ಲಿ ಹೆಣ್ಣಿನ ಅತ್ತಿಗೆಯೇ ಅವಳ ಮುಖಕ್ಕೆ ಏನೇನೋ ಬಳಿದು ಸ್ಟೇಜಿಗೆ ಹತ್ತಿಸಿಬಿಟ್ಟಿದ್ದಳು. ಹೆಣ್ಣಿನ ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ ಕೈ ಚೆನ್ನಾಗದೆ ಅಂತಾರೆ ಕಣವ್ವ. ಆದ್ರೆ ನಿನ್ ಗಾಡಿ ನಂಬ್ಕೊಂಡು ನಾವು ಮುಹೂರ್ತ ಇಟ್ಕಳಕ್ಕಾಗಲ್ಲ" ಎಂದರು. ಬೆಳಗಿನ ಮುಹೂರ್ತಕ್ಕೆ ಮೈಸೂರಿನ ಬೇರೆ ಮೇಕಪ್ಪಿನವರಿಗೆ ಹೇಳಿಯಾಗಿತ್ತು.

ಇಂಥ ಮಾತು ಒಂದು ಛತ್ರದಿಂದ ಇನ್ನೊಂದು ಛತ್ರಕ್ಕೆ ನನಗಿಂತ ಬೇಗ ಹೋಗುತ್ತದೆ. ಕೈಯಲ್ಲಿದ್ದ ಚಿಕ್ಕಪುಟ್ಟ ಆರ್ಡರುಗಳು ಒಂದೊಂದಾಗಿ ಕಳಚಿಕೊಂಡವು. ಶಿವರಾತ್ರಿಗೆ ಮೊದಲು ಉಳಿದದ್ದು ಒಂದೇ, ಅದೂ ಎಲ್ಲಕ್ಕಿಂತ ದೊಡ್ಡದು. ಬೂಕನಕೆರೆಯ ಹೆಣ್ಣು, ಕೆ.ಆರ್. ಪೇಟೆಯ ಛತ್ರ, ರಿಸೆಪ್ಷನ್ನಿಗೂ ಮುಹೂರ್ತಕ್ಕೂ ನಾನೇ. ಅಲ್ಲಿ ತಡವಾದರೆ ಕಾರು ಹೋಗಿ ಹಸು ಬರುತ್ತದೆ. ಅತ್ತೆ ಆಗಲೇ ಹಿತ್ತಲಿನಲ್ಲಿ ಕೊಟ್ಟಿಗೆಗೆ ಜಾಗ ನೋಡಲು ಶುರುಮಾಡಿದ್ದರು.

ಆ ಶ್ರೀರಂಗಪಟ್ಟಣದ ಛತ್ರದಲ್ಲೇ ಊಟಕ್ಕೆ ಕೂತಾಗ ನನಗೊಂದು ಯೋಚನೆ ಹೊಳೆದಿತ್ತು. ಹೆಣ್ಣಿನ ಕಡೆಯವರು ನನ್ನನ್ನು ಹೇಗೆ ಹುಡುಕುತ್ತಾರೆ? ನನ್ನ ಕನ್ನಡಿ ನೋಡಿಯಲ್ಲ, ಬೋರ್ಡು ನೋಡಿಯೂ ಅಲ್ಲ. ಹೋದ ಮದುವೆಯ ಹೆಣ್ಣಿನ ಮುಖ ಧಾರೆ ಮುಗಿಯುವ ತನಕ ಹೇಗಿತ್ತು ಎಂದು ನೋಡಿ. ಹಾಗಾದರೆ ಮುಹೂರ್ತ ತಪ್ಪಿಸಿದರೆ ಹೊಟ್ಟೆಪಾಡೇ ಹೋಗುವ ಜನ ತಮ್ಮ ಗಾಡಿಯನ್ನು ಯಾರ ಕೈಗೆ ಕೊಡುತ್ತಾರೆ? ಪಕ್ಕದ ಎಲೆಯಲ್ಲಿ ಬ್ಯಾಂಡ್ ಸೆಟ್ಟಿನ ವ್ಯಾನು ಓಡಿಸುವ ರಂಗಣ್ಣ ಕೂತಿದ್ದರು. ಅವರ ವ್ಯಾನು ನೋಡಿದರೆ ಮುಟ್ಟಿದರೆ ಬಿದ್ದುಹೋಗುವ ಹಾಗಿತ್ತು. ಆದರೆ ನಾನು ಯಾವ ಮದುವೆಗೆ ಹೋದರೂ ಅದು ನನಗಿಂತ ಮೊದಲೇ ಬಂದು ನಿಂತಿರುತ್ತಿತ್ತು.

"ರಂಗಣ್ಣ, ನಿಮ್ ವ್ಯಾನ್ ರಿಪೇರಿ ಯಾರ್ ಮಾಡೋದು?"

"ಪಾಂಡವಪುರದಲ್ಲಿ ಕಲೀಂ ಭಾಯ್ ಅಂತವ್ನೆ" ಎಂದರು ರಂಗಣ್ಣ, ಪಾಯಸ ಸುರಿದುಕೊಳ್ಳುತ್ತಾ. "ಬೈತಾನೆ. ಬೈಸ್ಕಳಕ್ ರೆಡಿ ಇದ್ರೆ ಓಗು."

ಬೈಗುಳ ಗ್ಯಾರೇಜಿನೊಳಕ್ಕೆ ಹೋಗುವ ಮೊದಲೇ ಶುರುವಾಯಿತು. ಕಲೀಂ ಭಾಯ್ ಎತ್ತರದ ಆಳು, ದೊಡ್ಡ ಗಂಟಲು, ತನ್ನ ಬಗ್ಗೆ ತನಗೆ ಬಹಳ ಅಭಿಮಾನ. ಪಾಂಡವಪುರ ತಾಲ್ಲೂಕಿನಲ್ಲಿ ತಾನು ಮುಟ್ಟಿ ಸರಿಹೋಗದ ಗಾಡಿ ಇಲ್ಲವೆಂದು ಮೊದಲ ಮಾತಿನಲ್ಲೇ ಹೇಳಿದ. ಎರಡನೆಯ ಮಾತಿಗೆ ಕಾರಿನ ಕಡೆ ಬೆರಳು ತೋರಿಸಿದ.

"ಯಾರಮ್ಮ ಇದನ್ನ ತೊಳ್ಸಿದ್ದು?"

"ನಾನೇ. ಇಲ್ಲಿಗೆ ತರ್ಬೇಕಲ್ಲ ಅಂತ..."

"ಅರೆ, ತೊಳ್ಕೊಂಡ್ ಬಂದ್ಬುಟ್ರೆ ನಾನ್ ಏನಮ್ಮ ನೋಡ್ಲಿ? ಎಣ್ಣೆ ಎಲ್ಲಿ ಸೋರ್ತದೆ, ಮಸಿ ಎಲ್ಲಿ ಕೂತದೆ, ಎಲ್ಲಾ ಚರಂಡಿಗೆ ಓಯ್ತು. ಇನ್ ಗಾಡಿ ಬಾಯ್ಬುಟ್ಟು ಏಳ್ತದಾ?"

ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಮುಖಕ್ಕೆ ಪೌಡರು ಮೆತ್ತಿಕೊಂಡು ಬಂದು ಕೂರುವ ಹೆಣ್ಣುಗಳಿಗೆ ನಾನು ಬೈಯುವುದೂ ಹೀಗೇ. ಮೊದಲು ಮುಖ ತೊಳ್ಕೊಂಡು ಬಾ, ನಿನ್ನ ಚರ್ಮ ಹೇಗಿದೆ ಎಂದು ನಾನು ನೋಡಬೇಡವೆ ಎನ್ನುತ್ತೇನೆ. ಇಲ್ಲಿ ತೊಳೆದದ್ದೇ ತಪ್ಪಾಗಿತ್ತು.

ಕಾರು ಎರಡು ದಿನ ಅವನ ಹತ್ತಿರವೇ ಇತ್ತು. ಎರಡನೆಯ ಸಂಜೆ ಹೋದಾಗ ಕಲೀಂ ಭಾಯ್ ಸ್ಟೂಲಿನ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಅವನ ಹೆಂಡತಿ ನಸೀಮಾ ಟೀ ತಂದು, ನನ್ನ ಕೈಗೊಂದು ಲೋಟ ಕೊಟ್ಟಳು. ಗ್ಯಾರೇಜಿನ ಹಿಂದೆಯೇ ಅವರ ಮನೆ.

"ಸಿಗ್ಲಿಲ್ಲ" ಎಂದ ಕಲೀಂ ಭಾಯ್. "ಕ್ಲಚ್ ಸರಿ ಅದೆ. ವೈರಿಂಗ್ ಸರಿ ಅದೆ. ಬ್ರೇಕ್ ಸರಿ ಅದೆ. ರೇಡಿಯೇಟ್ರು ಯಾಕ್ ಬದ್ಲಾಯ್ಸಿದ್ರೋ ಅಲ್ಲಾಗೇ ಗೊತ್ತು. ಸಿಗ್ದಿದ್ದನ್ನ ಸಿಕ್ತು ಅನ್ನಕ್ ನಂಗ್ ಬರಲ್ಲ."

ನನ್ನ ಕಣ್ಣು ತುಂಬಿತು. ರಿಪೇರಿ ಆಗಲಿಲ್ಲ ಎಂಬ ದುಃಖಕ್ಕಲ್ಲ. ಇಷ್ಟು ದಿನದಲ್ಲಿ ಗಾಡಿಯ ಬಗ್ಗೆ ನನಗೆ ಯಾರಾದರೂ ನಿಜ ಹೇಳಿದ್ದು ಇದೇ ಮೊದಲು. ಇವನೇ ನನ್ನ ಮೆಕ್ಯಾನಿಕ್ ಎಂದು ಆ ಕ್ಷಣ ಮನಸ್ಸಿಗೆ ಬಂದುಬಿಟ್ಟಿತು, ಗಾಡಿ ಹಾಗೇ ಕೆಟ್ಟು ನಿಂತಿದ್ದರೂ.

"ನಾಳೆ ಮಧ್ಯಾಹ್ನ ಕೆ.ಆರ್. ಪೇಟೆಗೆ ಹೋಗ್ಬೇಕು ಭಾಯ್" ಎಂದೆ. "ಇದೊಂದು ಮದುವೆ ತಪ್ಪಿದ್ರೆ ನನ್ನ ಕಾರು ಮಾರ್ತಾರೆ."

ಅವನು ಟೀ ಮುಗಿಸಿ ಲೋಟ ಕೆಳಗಿಟ್ಟ. "ನಾಳೆ ನಾನೂ ಬತ್ತೀನಿ. ಗಾಡೀಲೇ ಕೂತ್ಕತೀನಿ. ಅದೆಂಗ್ ನನ್ ಮುಂದೆ ವಾಸ್ನೆ ಬತ್ತದೋ ನೋಡೇಬುಡ್ತೀನಿ."

"ನಾನೂ ಬತ್ತೀನಿ" ಎಂದಳು ನಸೀಮಾ. "ಅಕ್ಕಾ, ನಿಮ್ಮೋರ್ ಮದ್ವೇಲಿ ಎಣ್ಣಿಗೆ ಎಂಗೆ ಮೇಕಪ್ ಮಾಡ್ತಾರೆ ನೋಡೋ ಆಸೆ ನಂಗೆ."

ಕಾರನ್ನು ನಾನು ಆ ರಾತ್ರಿಯೇ ಮನೆಗೆ ತಂದೆ. ಮಾರನೆಯ ದಿನ ಗಂಡ ಹೆಂಡತಿ ಬಸ್ಸಿನಲ್ಲಿ ನಾಗಮಂಗಲಕ್ಕೆ ಬಂದು, ಅಲ್ಲಿಂದ ಬಿಂಡಿಗನವಿಲೆ ಬಸ್ಸು ಹಿಡಿದು ನಮ್ಮೂರಿಗೆ ಬಂದಿಳಿದರು. ಅತ್ತೆ ಇಬ್ಬರಿಗೂ ಮಜ್ಜಿಗೆ ಕೊಟ್ಟರು. ಮೆಕ್ಯಾನಿಕ್ಕಿನ ಹೆಂಡತಿ ಯಾಕೆ ಬಂದಿದ್ದಾಳೆ ಎಂದು ಕೇಳಬೇಕೆಂದಿದ್ದರು ಅಂತ ಕಾಣುತ್ತದೆ, ನಸೀಮಾ ಹೊಲದ ಬಗ್ಗೆ ಕೇಳಿ ಅವರನ್ನೇ ಮಾತಿಗೆ ಎಳೆದುಬಿಟ್ಟಳು. ಪೆಟ್ಟಿಗೆಗಳನ್ನೆಲ್ಲ ತುಂಬಿ ಹೊರಟೆವು. ಕಲೀಂ ಭಾಯ್ ಮುಂದಿನ ಸೀಟಿನಲ್ಲಿ ಕೂತು, ಗೇರ್‌ಬಾಕ್ಸಿನ ಸದ್ದು ಕೇಳುವುದಕ್ಕೆ ಎಂದು ಕಣ್ಣು ಮುಚ್ಚಿಕೊಂಡ.

ಅತ್ತೆ ಬಾಗಿಲಿಗೆ ಬಂದರು. "ಲೇ ಅಮ್ಮಿ, ಉಳ್ಳಿ."

ಮರೆತಿದ್ದೆ. ಮುಂದಕ್ಕೊಂದು ಸಲ, ಹಿಂದಕ್ಕೊಂದು ಸಲ, ಮತ್ತೆ ಮುಂದಕ್ಕೆ. ಅವತ್ತು ಕೊನೆಯ ಹೊಲದ ಹುರುಳಿ, ಮಂಡಿಯೆತ್ತರ ಹರಡಿದ್ದರು. ಕಲೀಂ ಭಾಯ್ ಕಣ್ಣು ಬಿಡಲಿಲ್ಲ. "ರಿವರ್ಸ್ ಗೇರ್ ಪಸ್ಟ್ ಕ್ಲಾಸ್ ಅದೆ" ಎಂದ.

ಊರು ಬಿಟ್ಟು ಕೆ.ಆರ್. ಪೇಟೆ ಕಡೆಯ ಒಳರಸ್ತೆ ಹಿಡಿದೆವು. ಬಿಸಿಲು ಚುರುಗುಡುತ್ತಿತ್ತು. ಇನ್ನೂ ಎರಡು ಊರು ದಾಟಿರಲಿಲ್ಲ, ವಾಸನೆ ಬಂತು. ಅದು ಬಂದದ್ದಕ್ಕೆ ಇದೇ ಮೊದಲ ಸಲ ನನಗೆ ಸಂತೋಷವಾಯಿತು. ಬಂತು ಭಾಯ್, ಬಂತು ಎಂದು ಕೂಗಿಕೊಂಡೆ.

ಅವನು ಮೂಗರಳಿಸಿದ. "ಕ್ಲಚ್ಚೇ" ಎಂದ. "ಅಲ್ಲ, ವೈರು. ಅಲ್ಲ, ತಡಿ..."

"ಅಲ್ಲ ರೀ" ಎಂದಳು ಹಿಂದಿನಿಂದ ನಸೀಮಾ. "ಯಾರೋ ಬಾಂಡ್ಲೀಲಿ ಉರುಳಿ ಉರೀತಾವ್ರೆ."

"ನೀನ್ ಸುಮ್ನಿರು. ಗಾಡಿ ವಿಸ್ಯ ನಿಂಗೇನ್ ಗೊತ್ತು?"

"ಗಾಡಿ ಗೊತ್ತಿಲ್ಲ. ಉರುಳಿ ಉರ್ದಿದ್ದು ಗೊತ್ತು."

ಆಗ ಕನ್ನಡಿಯಲ್ಲಿ ಕಂಡಿತು ಹೊಗೆ. ಬಿಳಿಯ ಹೊಗೆ, ನಮ್ಮದೇ ಕಾರಿನ ಅಡಿಯಿಂದ. ಕಲೀಂ ಭಾಯ್ ಕಣ್ಣು ಬಿಟ್ಟ. "ನಿಲ್ಸಿ. ಆಫ್ ಮಾಡಿ. ಇಳೀರಿ ಇಬ್ರೂ, ದೂರ ಓಗಿ" ಎಂದವನು ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿಕೊಂಡು, ಟಾರಿನ ಮೇಲೆ ಬೆನ್ನು ಹಚ್ಚಿ ಅಡಿಗೆ ನುಗ್ಗಿದ. ನಾನು ದೂರ ಹೋಗಲಿಲ್ಲ. ಹಿಂದಿನ ಬಾಗಿಲು ತೆಗೆದು ನನ್ನ ಪೆಟ್ಟಿಗೆಗಳನ್ನು ಎಳೆದು ರಸ್ತೆ ಬದಿಗೆ ಹಾಕುತ್ತಿದ್ದೆ. ನಸೀಮಾ ಹೊಲದಲ್ಲಿದ್ದ ಹೆಂಗಸೊಬ್ಬಳ ಕೊಡ ಕಿತ್ತುಕೊಂಡು ಓಡಿ ಬಂದಳು. ಕೋಲು ಕೊಡಿ ಎಂದು ಅಡಿಯಿಂದ ಕೂಗು. ಕೈಗೆ ಸಿಕ್ಕಿದ್ದು ನನ್ನ ದೀಪದ ಸ್ಟ್ಯಾಂಡು, ಅದನ್ನೇ ಕೊಟ್ಟೆ.

ಅವನು ಜಗ್ಗಿ ಜಗ್ಗಿ ಹೊರಕ್ಕೆ ಎಳೆದದ್ದನ್ನು ನೋಡಿ ನಾನು ಬಾಯಿ ಮೇಲೆ ಕೈಯಿಟ್ಟುಕೊಂಡೆ. ಹಗ್ಗದ ಹಾಗೆ ಹುರಿಗೊಂಡ ಹುರುಳಿ ಬಳ್ಳಿ. ಚಕ್ರದ ಆಕ್ಸಲ್ಲಿಗೆ ಸುತ್ತಿ, ಅಲ್ಲಿಂದ ಸೈಲೆನ್ಸರಿಗೆ ಸುತ್ತಿ, ಕಾದ ಕಬ್ಬಿಣದ ಮೇಲೆ ಕೂತು ಒಳಗೊಳಗೇ ಉರಿಯುತ್ತಿತ್ತು. ನಸೀಮಾ ನೀರು ಸುರಿದಳು, ಚುಂಯ್ ಎಂದಿತು. ಕರಿದಾದ ಕಾಯಿಗಳಿಂದ ಕಾಳು ಟಪಟಪ ಉದುರಿದವು. ಅವಳು ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿದಳು.

"ಅದವಾಗ್ ಉರ್ದದೆ" ಎಂದಳು.

ಎಲ್ಲ ಒಂದೇ ಏಟಿಗೆ ಬಿಡಿಸಿಕೊಂಡಿತು. ಬೆಳಗಿನ ಮುಹೂರ್ತಕ್ಕೆ ಹೋಗುವಾಗ ಇಬ್ಬನಿಯ ಹೊತ್ತು, ರಸ್ತೆಯಲ್ಲಿ ಹುರುಳಿ ಇರುವುದಿಲ್ಲ, ವಾಸನೆಯೂ ಇಲ್ಲ. ಮಧ್ಯಾಹ್ನ ರಿಸೆಪ್ಷನ್ನಿಗೆ ಹೊರಟರೆ ಅತ್ತೆಯ ಹುರುಳಿ, ಊರೂರಿನ ಹುರುಳಿ. ಬಸ್ಸು ಎತ್ತರ, ಅದಕ್ಕೆ ಏನೂ ಸಿಕ್ಕುವುದಿಲ್ಲ. ನನ್ನ ಕಾರು ಗಿಡ್ಡ. ಸಿಕ್ಕಿಕೊಂಡದ್ದು ಇಷ್ಟು ದಿನ ಅಷ್ಟಷ್ಟೇ ಸುಟ್ಟು ಉದುರುತ್ತಿತ್ತು, ಉಳಿದ ಚೂರುಪಾರನ್ನು ನಾನೇ ನೀರು ಹೊಡೆಸಿ ತೊಳೆಸಿ, ಫಳಫಳ ಮಾಡಿಸಿ ಮೆಕ್ಯಾನಿಕ್ಕುಗಳ ಮುಂದೆ ನಿಲ್ಲಿಸುತ್ತಿದ್ದೆ.

ಕಲೀಂ ಭಾಯ್ ರಸ್ತೆಯ ಪಕ್ಕ ಕೂತುಬಿಟ್ಟ. ಮುಖವೆಲ್ಲ ಮಸಿ. "ನನ್ ಮುಂದೇನೇ ನೀವ್ ಅದ್ರ ಮೇಲ್ ಓಡ್ಸುದ್ರಿ. ನಾನ್ ಕಣ್ಮುಚ್ಕೊಂಡು ಗೇರ್‌ಬಾಕ್ಸ್ ಕೇಳ್ತಾ ಕೂತಿವ್ನಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಮತ್ತೆ ಅಡಿಗೆ ಹೋಗಿ, ಬೆರಳಲ್ಲಿ ಒಂದೊಂದೇ ಪೈಪು ಮುಟ್ಟಿ ನೋಡಿದ. "ಪೆಟ್ರೋಲ್ ಪೈಪಿನ ರಬ್ಬರು ಮೇಲ್ಗಡೆ ಬೆಂದದೆ. ತೂತ್ ಬಿದ್ದಿಲ್ಲ. ಪೇಟೆ ಗಂಟ ನಿಧಾನಕ್ ಓಡ್ಸಿ, ಅಲ್ಲಿ ಬದ್ಲಾಯ್ಸಿ ಕೊಡ್ತೀನಿ" ಎಂದ. ಕೈ ಒರೆಸಿಕೊಳ್ಳುತ್ತಾ, "ಇನ್ನೊಂದ್ಸಲ ಇಂಗೇ ಆಗಿದ್ರೆ ಗಾಡಿ ಇರ್ತಿರ್ಲಿಲ್ಲ ಕಣಮ್ಮ, ನೀವೂ ಇರ್ತಿರ್ಲಿಲ್ಲ" ಎಂದ.

ಮುಂದಿನ ದಾರಿಯನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ರಸ್ತೆಯಲ್ಲಿ ಹುರುಳಿ ಕಂಡಲ್ಲೆಲ್ಲ ಕಲೀಂ ಭಾಯ್ ಇಳಿದು ಮುಂದೆ ಓಡುತ್ತಿದ್ದ. "ದಾರಿ ಬುಡ್ರಪ್ಪೋ, ಅಲ್ಲಿ ಮದ್ವೆ ಎಣ್ಣು ಕಾಯ್ತಾವ್ಳೆ." ಜನ ಮೊದಲು ಅವನ ಮಸಿ ಮುಖ ನೋಡಿ ಗಾಬರಿಯಾಗಿ, ಆಮೇಲೆ ಕವೆಗೋಲು ತಂದು ಹುರುಳಿಯನ್ನು ಪಕ್ಕಕ್ಕೆ ಎಳೆದು ದಾರಿ ಮಾಡುತ್ತಿದ್ದರು. ಒಂದು ಊರಲ್ಲಿ ಮುದುಕಿಯೊಬ್ಬರು ಕಾರಿನೊಳಕ್ಕೆ ಇಣುಕಿ ನಸೀಮಾಳನ್ನು ನೋಡಿ, "ಇವ್ಳೇ ಏನವ್ವ ಎಣ್ಣು?" ಎಂದು ಕೇಳಿದರು. ನಸೀಮಾ ಸೆರಗು ಎಳೆದುಕೊಂಡು ನಾಚಿದ ಹಾಗೆ ಮಾಡಿದಳು. ನಾನು ನಗುತ್ತಾ ಅಳುತ್ತಾ ಗಾಡಿ ಓಡಿಸಿದೆ.

ಹೊತ್ತಿಗೆ ಮುಂಚೆಯೇ ಹೋಗಿ ತಲುಪಿದೆವು. ಕಲೀಂ ಭಾಯ್ ಛತ್ರದ ಹಿಂದೆ ಪೈಪು ಬದಲಾಯಿಸುತ್ತಿದ್ದರೆ ಒಳಗೆ ನಾನು ಹೆಣ್ಣನ್ನು ಕೂರಿಸಿಕೊಂಡೆ. ದೀಪದ ಸ್ಟ್ಯಾಂಡು ಸೊಟ್ಟಗಾಗಿ ನಿಲ್ಲುತ್ತಿರಲಿಲ್ಲ, ನಸೀಮಾ ಅದನ್ನು ಕೈಯಲ್ಲಿ ಹಿಡಿದು ನಿಂತಳು. ನಿಂತವಳು ಸುಮ್ಮನಿದ್ದಳೇ? ಹೆಣ್ಣಿನ ಕೈಯ ಮೆಹೆಂದಿ ಒಂದು ಕಡೆ ಕಲಸಿಹೋದದ್ದನ್ನು ನೋಡಿ, ಕೋನು ತರಿಸಿ, ಅಲ್ಲೇ ಒಂದು ನವಿಲು ಬಿಡಿಸಿ ಮುಚ್ಚಿಬಿಟ್ಟಳು. ಹೆಣ್ಣಿನ ದೊಡ್ಡಮ್ಮ ಬಂದು ನೋಡಿ, "ಯಾರವ್ವ ಈ ಮೆಹೆಂದಿಯೋಳು, ಇವಳ್ನೂ ನಮ್ ಚಿಕ್ಕ ಹುಡ್ಗಿ ಮದ್ವೆಗೆ ಕರ್ಕೊಂಡ್ ಬಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ನಂಬಂಗಿಲ್ಲ ಅಂದಿದ್ರಲ್ಲ, ಎಲ್ರಿಗಿಂತ ಮೊದ್ಲೇ ಬಂದಿದ್ದೀಯಲ್ಲ" ಎಂದರು. ಬೆಳಗಿನ ಧಾರೆ ಮುಗಿದು ಹೆಣ್ಣು ಹಸೆಯಿಂದ ಎದ್ದಾಗಲೂ ಅವಳ ಮುಖ ಇಟ್ಟ ಹಾಗೇ ಇತ್ತು.

ಮದುವೆ ಮುಗಿಸಿ ಮನೆಗೆ ಬಂದು ಡಿಕ್ಕಿ ತೆಗೆದರೆ ಅದರೊಳಗೆ ಆ ಸುಟ್ಟ ಹುರುಳಿಯ ಹಗ್ಗ ಪೇಪರಿನಲ್ಲಿ ಸುತ್ತಿ ಕೂತಿತ್ತು. ಹೊರಡುವಾಗ ಕಲೀಂ ಭಾಯ್ ಹೇಳಿದ್ದು ನೆನಪಾಯಿತು. "ಗಾಡಿಯಿಂದ ಕಿತ್ತ ಸಾಮಾನು ಗಾಡಿಯೋರ್ಗೇ ವಾಪಸ್. ನಮ್ ಗ್ಯಾರೇಜಿನ ಪದ್ಧತಿ." ಇಷ್ಟು ದಿನ ನಾನು ತೆಗೆಸಿದ ಕ್ಲಚ್ಚಾಗಲಿ ರೇಡಿಯೇಟರಾಗಲಿ ನನ್ನ ಕಣ್ಣಿಗೆ ಬಿದ್ದದ್ದೇ ಇಲ್ಲ ಎಂಬುದು ಆಗ ಹೊಳೆಯಿತು.

ಅತ್ತೆಗೆ ಹೇಗೆ ಹೇಳುವುದು? ನಿಮ್ಮ ಹುರುಳಿಯೇ ನನ್ನನ್ನು ಸುಡುತ್ತಿತ್ತು ಎನ್ನಲು ಬಾಯಿ ಬರಲಿಲ್ಲ. ಪೇಪರು ಬಿಚ್ಚಿ ಜಗಲಿಯ ಮೇಲೆ ಇಟ್ಟೆ. ಎಲ್ಲಿಂದ ತೆಗೆದದ್ದು ಎಂದಷ್ಟೇ ಹೇಳಿದೆ. ಅತ್ತೆ ಅದನ್ನು ಎತ್ತಿಕೊಂಡು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕರಿ ಕಾಳುಗಳನ್ನು ಬಹಳ ಹೊತ್ತು ನೋಡುತ್ತಾ ಕೂತರು. "ನಮ್ಮದೇ ಉಳ್ಳಿ" ಎಂದರು. ಅವತ್ತು ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಆ ಮದುವೆಯ ಮಾತು ಹರಡಿ ಮತ್ತೆ ಫೋನುಗಳು ಬರತೊಡಗಿದ್ದವು. ಮುಂದಿನ ಸಲ ನಾನು ಹೊರಡುವ ಹೊತ್ತಿಗೆ ಅತ್ತೆ ಬಾಗಿಲಲ್ಲಿರಲಿಲ್ಲ. ನಡು ರಸ್ತೆಯಲ್ಲಿ ಕವೆಗೋಲು ಹಿಡಿದು ನಿಂತಿದ್ದರು. ನಮ್ಮ ಮನೆಯಿಂದ ಊರ ಬಾಗಿಲ ತನಕ ಪಕ್ಕದವರ, ಎದುರಿನವರ, ಎಲ್ಲರ ಹುರುಳಿಯನ್ನೂ ಒಂದು ಕಡೆಗೆ ಎಳೆಸಿ, ಕಾರು ಹೋಗುವಷ್ಟು ಕರಿ ಟಾರು ಬಿಡಿಸಿದ್ದರು. ಎದುರಿಗೆ ಬಂದ ಬಸ್ಸಿಗೆ ಕವೆಗೋಲು ಅಡ್ಡ ಹಿಡಿದು, "ಒಸಿ ತಡಿಯಪ್ಪ, ಮೊದ್ಲು ನನ್ ಸೊಸೆ ಗಾಡಿ ಓಗ್ಲಿ" ಎಂದರು. ಡ್ರೈವರು ನಗುತ್ತಾ ನಿಲ್ಲಿಸಿದ. ನಾನು ಹಾರನ್ ಮಾಡಿ ಹೊರಟೆ. ಊರು ದಾಟುವ ತನಕ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಶಿವರಾತ್ರಿ ಬಂತು. ಹಬ್ಬದ ದಿನವೇ ನನ್ನ ಗಂಡ ಯಾರದೋ ಒಂದು ಜೊತೆ ಸೀಮೆ ಹಸುವಿನ ಸುದ್ದಿ ತಂದರು. ಅತ್ತೆ ಹಿತ್ತಲಿನಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ ಕೊಟ್ಟಿಗೆಯ ಅಳತೆ ಮಾಡುತ್ತಿದ್ದರು. ಕಾರು ಹೋಯಿತು ಅಂದುಕೊಂಡೆ. ಹಸುವಿಗೆ ಇಷ್ಟು ಅಗಲ ಯಾಕವ್ವ, ಬಾಗಿಲೂ ಇಷ್ಟು ದೊಡ್ಡದಾ ಎಂದು ಗಂಡ ಕೇಳಿದರು. ಅತ್ತೆ ಹಗ್ಗವನ್ನು ಇನ್ನೊಂದು ಮೊಳ ಆಚೆಗೆ ಎಳೆದು ಕಟ್ಟಿದರು.

"ಅಸ ಆಮೇಲ್ ಕಟ್ಟಾನ ಬುಡ್ಲಾ" ಎಂದರು. "ಆ ಗಾಡಿ ಬಿಸ್ಲಲ್ಲಿ ಒಣಗ್ತಾ ನಿಂತದೆ. ಮೊದ್ಲು ಅದುಕ್ಕೊಂದ್ ಕೊಟ್ಗೆ ಆಗ್ಲಿ."